ಮೂವತ್ತೊಂದು ಪುಸ್ತಕಗಳ ಓದುಗ

“ಇನ್ನೂ ಒಳಗಿದೆ ಸಾರ್, ಎಳೀರಿ,” ಎಂದು ಸತ್ತವಳ ತಂಗಿ ಟಾರ್ಚು ಬಗ್ಗಿಸಿ ಹಿಡಿದಳು.

ಕತ್ತರಿ ಸಾಹೇಬರು ಮಂಚದ ಕೆಳಗೆ ಹೊಟ್ಟೆಯ ಮೇಲೆ ಮಲಗಿ ಮೂರನೆಯ ರಟ್ಟಿನ ಪೆಟ್ಟಿಗೆಯನ್ನು ಹೊರಗೆಳೆದರು. ಸಾವಿನ ಮನೆಗೆಂದು ಇಸ್ತ್ರಿ ಮಾಡಿಸಿಕೊಂಡು ಬಂದ ಅಂಗಿಗೆ ಮಂಚದಡಿಯ ದೂಳೆಲ್ಲ ಮೆತ್ತಿಕೊಂಡಿತ್ತು. ಹೊರಗಿನ ಕೋಣೆಯಲ್ಲಿ ಕಾರ್ಡಕ್ಕ ತಣ್ಣಗೆ ಮಲಗಿದ್ದಳು. ಬದುಕಿದ್ದಿದ್ದರೆ ಈ ದೃಶ್ಯ ನೆನೆದು ಒಂದು ವಾರ ನಗುತ್ತಿದ್ದಳು.

ಊರಿನ ದೊಡ್ಡ ವೈದ್ಯಕೀಯ ಗ್ರಂಥಾಲಯದಲ್ಲಿ ಮೂವತ್ತನಾಲ್ಕು ವರ್ಷ ಪುಸ್ತಕಗಳಿಗೆ ವಿಷಯ ಗೊತ್ತುಮಾಡಿ, ಬೆನ್ನಿಗೆ ಸಂಖ್ಯೆ ಬರೆದವಳು ಆಕೆ. ಕಂಪ್ಯೂಟರ್ ಬಂದ ಮೇಲೂ ಪುಸ್ತಕಗಳ ವಿವರ ಬರೆದ ಹಳೆಯ ಕಾರ್ಡುಗಳ ಡ್ರಾಯರುಗಳನ್ನು ಬಿಟ್ಟುಕೊಡದೆ ಜಗಳಕ್ಕೆ ನಿಂತಿದ್ದರಿಂದ ಕಾರ್ಡಕ್ಕ ಎಂಬ ಹೆಸರು ಬಂತು. “ತಪ್ಪು ಸಂಖ್ಯೆಯ ಪುಸ್ತಕ, ತಪ್ಪು ವಾರ್ಡಿಗೆ ಹಾಕಿದ ರೋಗಿ, ಎರಡೂ ಒಂದೇ” ಎನ್ನುತ್ತಿದ್ದಳು. ಸಾಹೇಬರ ಕೆಲಸ ತದ್ವಿರುದ್ಧ. ಆರು ಮಹಡಿಯ ಆ ಕಟ್ಟಡಕ್ಕೆ ವರ್ಷಕ್ಕೆ ಎರಡು ಸಾವಿರ ಹೊಸ ಪುಸ್ತಕ ತರಿಸಿದರೆ, ಎರಡು ಸಾವಿರ ಹಳೆಯವನ್ನು ಹೊರಗೆ ಹಾಕಲೇಬೇಕು, ಗೋಡೆಗಳೇನು ಹಿಗ್ಗುವುದಿಲ್ಲವಲ್ಲ. ಹತ್ತು ವರ್ಷ ಯಾರೂ ಎರವಲು ಒಯ್ಯದ ಪುಸ್ತಕಕ್ಕೆ ಸಾಹೇಬರ ಕೆಂಪು ಪೆನ್ಸಿಲು. ಅದಕ್ಕೇ ಕತ್ತರಿ. ಇಬ್ಬರದೂ ಇಪ್ಪತ್ತೆರಡು ವರ್ಷದ ಹಾವು ಮುಂಗುಸಿ ಸ್ನೇಹ. ಊಟದ ಡಬ್ಬಿ ಮಾತ್ರ ಒಂದೇ ಮೇಜಿನ ಮೇಲೆ ಬಿಚ್ಚುತ್ತಿದ್ದರು.

“ಲೈಬ್ರರಿ ಪುಸ್ತಕ ತಗೊಂಡ್ ಹೋಗಿಬಿಡಿ. ಇಲ್ದಿದ್ರೆ ಅವಳು ನೆಮ್ಮದಿಯಾಗಿ ಹೋಗಲ್ಲ,” ಎಂದು ಆಕೆಯ ಗಂಡ, ಗಡಿಯಾರ ರಿಪೇರಿಯವರು, ಬೆಳಗ್ಗೆ ಫೋನು ಮಾಡಿದ್ದರು. ಸಾಹೇಬರು ಒಂದೋ ಎರಡೋ ಇರಬಹುದೆಂದು ಬಂದಿದ್ದರು. ಎಣಿಸಿದರೆ ಮೂವತ್ತೊಂದು.

ಮೊದಲನೆಯದು ಟೋಪಿ ತಯಾರಿಸುವವರ ನಡುಕದ ಬಗ್ಗೆ. ಎರಡನೆಯದು ದೀಪಸ್ತಂಭ ಕಾಯುವವರ ಕೆಮ್ಮಿನ ಬಗ್ಗೆ. ಮೂರನೆಯದನ್ನು ತೆರೆಯುವಷ್ಟರಲ್ಲಿ ಸಾಹೇಬರ ಕೈ ನಿಂತಿತು. ಗಾಜು ಊದುವವರ ಕೆನ್ನೆ! ಇವೆಲ್ಲ ಸಾಹೇಬರು ಒಮ್ಮೆಯೂ ಕಣ್ಣಾರೆ ಕಾಣದ ಆ ಓದುಗನ ಪುಸ್ತಕಗಳು.

ಗ್ರಂಥಾಲಯದ ಕಂಪ್ಯೂಟರ್ ಪುಸ್ತಕ ಹಿಂತಿರುಗಿದ ಕೂಡಲೇ ಒಯ್ದವರ ಹೆಸರನ್ನು ಅಳಿಸುತ್ತದೆ. ಯಾರು ಯಾವ ರೋಗದ ಬಗ್ಗೆ ಓದಿದರೆಂಬುದು ಅವರವರ ಗುಟ್ಟು. ಒಯ್ದದ್ದು ಸಿಬ್ಬಂದಿಯೋ ಹೊರಗಿನವರೋ ಎಂಬ ಗುರುತು ಯಂತ್ರದೊಳಗೆ ಉಳಿದರೂ, ಸಾಹೇಬರ ಕಣ್ಣಿಗೆ ಬೀಳುವುದು ದಿನಾಂಕ ಮಾತ್ರ. ಇನ್ನೇನು ಹತ್ತು ವರ್ಷ ತುಂಬಬೇಕು ಅನ್ನುವಷ್ಟರಲ್ಲಿ ಈ ಮುದಿ ಪುಸ್ತಕಗಳನ್ನು ಯಾರೋ ಒಯ್ದಿರುತ್ತಿದ್ದರು. ಬಾಗಿದ ಬೆನ್ನಿನ, ಕುತ್ತಿಗೆಗೆ ಮಫ್ಲರ್ ಸುತ್ತಿದ ಒಬ್ಬ ವಿದ್ವಾಂಸನನ್ನು ಸಾಹೇಬರು ಮನಸ್ಸಿನಲ್ಲೇ ಕಡೆದಿಟ್ಟಿದ್ದರು. “ನಮ್ಮಲ್ಲಿ ಅಂಥ ಓದುಗರೂ ಇದ್ದಾರೆ ಸ್ವಾಮಿ” ಎಂದು ಸಮಿತಿಯೆದುರು ಎದೆಯುಬ್ಬಿಸಿಯೂ ಇದ್ದರು. ಕಾರ್ಡಕ್ಕ ಆಗ ಪಕ್ಕದಲ್ಲೇ ಕೂತು, ಬೆಕ್ಕು ಹಾಲು ಕುಡಿದ ಮುಖ ಮಾಡಿಕೊಂಡು, “ಹೌದಾ? ಪಾಪ, ಯಾರೋ ಏನೋ” ಅಂದಿದ್ದಳು.

ಪ್ರತಿ ಪುಸ್ತಕದಲ್ಲೂ ಒಂದು ಚೀಟಿ, ಅದರಲ್ಲಿ ಮುಂದೆ ಮತ್ತೆ ಒಯ್ಯಬೇಕಾದ ವರ್ಷ. ಏಳರ ಅಂಕಿಯ ನಡುವಿಗೆ ಅಡ್ಡಗೀಟು ಹಾಕುವುದು ಇಡೀ ಕಟ್ಟಡದಲ್ಲಿ ಕಾರ್ಡಕ್ಕ ಒಬ್ಬಳೇ.

*

ಹದಿನೆಂಟು ವರ್ಷದ ಹಿಂದೆ ಒಬ್ಬ ದಂತವೈದ್ಯೆ ಏದುಸಿರು ಬಿಡುತ್ತ ಬಂದಿದ್ದಳು. ಎಲುಬು ಗಟ್ಟಿಯಾಗಲೆಂದು ಹೊಸ ಔಷಧ ತೆಗೆದುಕೊಂಡ ಮೂವರಿಗೆ ದವಡೆಯ ಮೂಳೆಯೇ ಕೊಳೆಯುತ್ತಿದೆ. ಇಂಥದ್ದನ್ನು ಹಿಂದೆ ಯಾರಾದರೂ ಕಂಡಿದ್ದಾರೆಯೇ?

ಕಾರ್ಡಕ್ಕ ಒಂದು ನಿಮಿಷ ಚಾವಣಿ ನೋಡಿದಳು. ಆಮೇಲೆ ಡ್ರಾಯರು ಎಳೆದು ಕಾರ್ಡು ತೆಗೆದಳು. ಹಿಂದೆ ಬೆಂಕಿಕಡ್ಡಿ ಕಾರ್ಖಾನೆಯ ಹೆಂಗಸರಿಗೆ ರಂಜಕದ ಹೊಗೆಯಿಂದ ಇದೇ ಆಗುತ್ತಿತ್ತು. ಚಿತ್ರಸಮೇತ ಬರೆದಿಟ್ಟ ಪುಸ್ತಕ. ದಂತವೈದ್ಯೆ, ಕಾರ್ಡಕ್ಕ, ಸಾಹೇಬರು ಮೂವರೂ ಮೆಟ್ಟಿಲು ಹತ್ತಿ ಹೋದರು. ಕಪಾಟಿನಲ್ಲಿ ಆ ಜಾಗ ಖಾಲಿ.

“ಹೋದ ವರ್ಷ ರದ್ದಿಗೆ ಕಳಿಸಿಬಿಟ್ಟೆ. ಆ ರೋಗ ಸತ್ತುಹೋಗಿದೆಯಲ್ಲ...” ಎಂದರು ಸಾಹೇಬರು.

“ರೋಗಕ್ಕೆ ನೀವು ಕಾಗದ ಬರ್ದು ತಿಳಿಸಿರ್ಲಿಲ್ವೇನೋ,” ಎಂದಳು ಕಾರ್ಡಕ್ಕ. ಅಷ್ಟೇ. ಬೈಯಲಿಲ್ಲ, ಮೇಲಿನವರಿಗೆ ದೂರಲಿಲ್ಲ. ಕಾರ್ಡನ್ನು ಸಾಹೇಬರ ಕೈಗಿಟ್ಟು, “ಇಟ್ಕೊಳ್ಳಿ, ಹೋದವರ ಫೋಟೋ ಇದ್ದ ಹಾಗೆ” ಎಂದು ಕೆಳಗಿಳಿದು ಹೋದಳು. ಬೇರೆ ಊರಿನಿಂದ ಪ್ರತಿ ತರಿಸಲು ಮೂರು ವಾರ ಹಿಡಿಯಿತು.

ಮಫ್ಲರಿನ ಓದುಗ ಹುಟ್ಟಿದ್ದು ಆ ವರ್ಷವೇ. ಕಾರ್ಡು ಇವತ್ತಿಗೂ ಸಾಹೇಬರ ಪರ್ಸಿನಲ್ಲಿತ್ತು.

*

ಸಾಹೇಬರು ನೆಲದ ಮೇಲೆ ಕೂತುಬಿಟ್ಟರು. ಗಡಿಯಾರದವರು ಟೀ ಲೋಟ ಹಿಡಿದು ಬಂದರು.

“ಏನಾಯ್ತು? ಹರಿದಿದ್ಯಾ?”

“ಇಲ್ಲ. ನಾನೇ ಕೊಂದೆ ಇವನ್ನ,” ಎಂದರು ಸಾಹೇಬರು. “ಹೋದ ವಾರ ಹೊಸ ನಿಯಮ ಬರ್ದೆ. ಸಿಬ್ಬಂದಿ ಒಯ್ದದ್ದು ಲೆಕ್ಕಕ್ಕಿಲ್ಲ, ಹೊರಗಿನವರು ಒಯ್ದದ್ದು ಮಾತ್ರ. ಯಾರ ಮುಲಾಜೂ ಬೇಡ ಅಂತ ಪಟ್ಟಿ ಮಾಡೋದನ್ನೂ ಯಂತ್ರಕ್ಕೇ ಒಪ್ಪಿಸಿದೆ. ಇವತ್ತು ಐದು ಗಂಟೆಗೆ ಪಟ್ಟಿ ಆಗುತ್ತೆ. ಬೆಳಗ್ಗೆ ರದ್ದಿ ಲಾರಿ ಬರುತ್ತೆ, ಇಲ್ಲೇ ಬಚ್ಚಿಟ್ರೂ ದಾಖಲೆಯಿಂದ ಹೆಸರು ಹೋಗುತ್ತೆ. ಆಕೆ ಆಸ್ಪತ್ರೆಯಲ್ಲಿದ್ರು, ಅವರಿಗೆ ಗೊತ್ತೂ ಇಲ್ಲ.”

“ನಿಮ್ಮ ನಿಯಮ, ನೀವೇ ಅಳಿಸಿ.”

“ಸಮಿತಿ ಸೇರ್ಬೇಕು. ಸೇರೋದು ಮುಂದಿನ ತಿಂಗಳು.”

ತಾನೇ ತೋಡಿದ ಹಳ್ಳದ ಆಳವನ್ನು ಸಾಹೇಬರು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

ಗಡಿಯಾರದವರು ಟೀ ಲೋಟ ಕೆಳಗಿಟ್ಟರು. “ಹೊರಗಿನವರು ಅಂದ್ರೆ ಯಾರು?”

“ಯಾರಾದ್ರೂ ಸರಿ. ಗುರುತಿನ ಚೀಟಿ ತೋರಿಸಿದ್ರೆ ಅಲ್ಲೇ ಕಾರ್ಡು ಕೊಡ್ತಾರೆ. ಸಿಬ್ಬಂದಿಗೆ ಮಿತಿ ಇಲ್ಲ, ಹೊರಗಿನವರಾದ್ರೆ ಒಬ್ಬರಿಗೆ ನಾಲ್ಕು ಪುಸ್ತಕ.”

“ನಾನು ಯಾರಾದ್ರೂ ಹೌದಲ್ವಾ? ಮೂವತ್ತನಾಲ್ಕು ವರ್ಷದಿಂದ ಒಳಗೇ ಬಿಟ್ಟಿಲ್ಲ ನನ್ನ. ತೆಗೆದ ಪುಸ್ತಕ ತಪ್ಪು ಜಾಗಕ್ಕೆ ಇಡ್ತೀನಂತೆ.”

“ಭಾವ, ಸ್ಕ್ರೂಡ್ರೈವರನ್ನ ಫ್ರಿಜ್ಜಲ್ಲಿ ಇಡೋರು ನೀವು. ಅಕ್ಕ ಸರಿಯಾಗೇ ಹೇಳಿದ್ಳು,” ಎಂದಳು ತಂಗಿ. ಆಮೇಲೆ ಟಾರ್ಚು ಆರಿಸಿ, “ನನ್ನ ಹೆಸರೂ ಬರ್ಕೊಳ್ಳಿ” ಅಂದಳು.

*

ಸ್ಮಶಾನದ ಕೆಲಸ ನಾಲ್ಕೂಕಾಲಿಗೆ ಮುಗಿಯಿತು. ಅಳಬೇಕಾದವರು ಅತ್ತರು, ಅತ್ತವರಲ್ಲಿ ಏಳು ಜನ ಮೂಗು ಒರೆಸಿಕೊಂಡು ಸಾಹೇಬರ ಜೊತೆ ಶವದ ವ್ಯಾನು ಹತ್ತಿದರು. ಕಾರ್ಡಕ್ಕ ಮಲಗಿ ಬಂದಿದ್ದ ಜಾಗದಲ್ಲಿ ಈಗ ಮೂರು ರಟ್ಟಿನ ಪೆಟ್ಟಿಗೆ.

“ಮನೆಗೆ ತಾನೇ?” ಎಂದ ಚಾಲಕ.

“ಲೈಬ್ರರಿಗೆ,” ಎಂದರು ಗಡಿಯಾರದವರು. “ಬೇಗ.”

“ಈ ಗಾಡೀಲಿ ಇಷ್ಟು ವರ್ಷದಲ್ಲಿ ಯಾರೂ ಬೇಗ ಅಂದಿರ್ಲಿಲ್ಲ,” ಎಂದು ಆತ ಗೇರು ಬದಲಿಸಿದ.

ಎರವಲು ಕೌಂಟರಿನ ಹುಡುಗಿ ಸಾಲು ನೋಡಿ ಅಳುವುದೋ ನಗುವುದೋ ತಿಳಿಯದೆ ಪುಸ್ತಕಗಳನ್ನು ಹಿಂತಿರುಗಿಸಿಕೊಂಡು, ಮತ್ತೆ ಹೊಸ ಹೆಸರುಗಳಿಗೆ ಹಚ್ಚತೊಡಗಿದಳು. ತಂಗಿಗೆ ಸಿಕ್ಕಿದ್ದು ಟೋಪಿಯವರ ನಡುಕ. “ಇದು ನಮ್ಮೆಜಮಾನ್ರಿಗೆ. ನನ್ನ ಕಂಡ್ರೆ ಬರುತ್ತೆ,” ಎಂದಳು. ಹಿಂದೆ ನಿಂತಿದ್ದ ಯಜಮಾನರು ತಮ್ಮ ಗುರುತಿನ ಚೀಟಿ ತೆಗೆದು ಮುಂದಿಟ್ಟರು. ಗ್ರಂಥಾಲಯದ ನಾಲ್ಕನೆಯ ಮಹಡಿಯಲ್ಲಿ ದಿನಾ ಓದಲು ಕೂರುವ ಮುಂಗೋಪಿ ಪ್ರೊಫೆಸರು ತನ್ನ ಪಾಲಿನ ಕೆಮ್ಮಿನ ಪುಸ್ತಕವನ್ನು ನಿಂತಲ್ಲೇ ಓದತೊಡಗಿ, ಸಾಲನ್ನೇ ತಡೆದರು.

ಏಳು ಜನ, ಇಪ್ಪತ್ತೆಂಟು ಪುಸ್ತಕ. ಇನ್ನೂ ಮೂರು ಉಳಿದವು.

“ಐದಕ್ಕೆ ನಾಲ್ಕು ನಿಮಿಷ ಹನ್ನೊಂದು ಸೆಕೆಂಡು,” ಎಂದರು ಗಡಿಯಾರದವರು, ಕೈಗಡಿಯಾರ ನೋಡದೆ.

ಸಾಹೇಬರು ಹೊರಗೆ ನಿಂತಿದ್ದ ವ್ಯಾನಿನತ್ತ ಮೆಟ್ಟಿಲು ಹಾರಿ ಓಡಿದರು. ಆ ಕಟ್ಟಡದಲ್ಲಿ ಅವರು ಓಡಿದ್ದನ್ನು ಕಂಡವರಿಲ್ಲ.

“ನಂಗ್ಯಾಕೆ ಸಾರ್ ವೈದ್ಯದ ಪುಸ್ತಕ?” ಎಂದು ಚಾಲಕ ಮೂಗಿನ ಮೇಲೆ ಬೆರಳಿಟ್ಟ. “ನನ್ ಹತ್ರ ಬರೋರಿಗೆ ವೈದ್ಯ ಮುಗಿದಿರುತ್ತೆ.”

ಸಾಹೇಬರಿಗೆ ಉಸಿರೇ ಸಿಗಲಿಲ್ಲ. ಪರ್ಸು ತೆರೆದು ಹಳೆಯ ಕಾರ್ಡು ತೋರಿಸಿದರು. “ಇದನ್ನ ನಾನು ಕಳಕೊಂಡೆ. ಆ ಮೂರನ್ನ ಕಳ್ಕೊಳ್ಳೋಕಾಗಲ್ಲ.”

ಚಾಲಕನಿಗೆ ಕಾರ್ಡು ಅರ್ಥವಾಗಲಿಲ್ಲ, ಮುಖ ಅರ್ಥವಾಯಿತು. ಎಂಜಿನ್ ಆರಿಸಿ ಇಳಿದ.

ಮೂರನೆಯ ಪುಸ್ತಕ ಯಂತ್ರದಡಿ ಕುಂಯ್ ಎಂದಾಗ ಗೋಡೆಯ ಗಡಿಯಾರ ಐದು ತೋರಿಸುತ್ತಿತ್ತು. ಎಲ್ಲರೂ ಗಡಿಯಾರದವರ ಮುಖ ನೋಡಿದರು.

“ಅದು ನಲವತ್ತು ಸೆಕೆಂಡು ಮುಂದಿದೆ,” ಎಂದರು ಅವರು.

ಪರದೆಯ ಮೇಲೆ ಪಟ್ಟಿ ಮೂಡಿತು. ಕತ್ತರಿ ಸಾಹೇಬರು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಬೆರಳಿಟ್ಟು ನೋಡಿದರು. ಮೂವತ್ತೊಂದರಲ್ಲಿ ಒಂದೂ ಇರಲಿಲ್ಲ. ಕೆಂಪು ಪೆನ್ಸಿಲನ್ನು ಕೌಂಟರಿನ ಮೇಲೆ ಮರೆತು ಹೊರಗೆ ಬಂದರು.

ವ್ಯಾನಿನಲ್ಲಿ ಒಬ್ಬೊಬ್ಬರ ಮಡಿಲಲ್ಲೂ ಪುಸ್ತಕ. ಗಡಿಯಾರದವರು ಜೇಬಿನಿಂದ ರಿಪೇರಿಯ ಪುಟ್ಟ ಮಸೂರ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡರು. ಪುಟ ತೆರೆಯಲಿಲ್ಲ. ಗಾಜು ಊದುವವರ ಪುಸ್ತಕದ ಬೆನ್ನನ್ನು ಬೆಳಕಿಗೆ ಹಿಡಿದು, ಬಿಳಿ ಶಾಯಿಯ ಸಂಖ್ಯೆಗಳ ಮೇಲೆ ಮೆಲ್ಲಗೆ ಕಣ್ಣು ಸಾಗಿಸಿ, ಅಡ್ಡಗೀಟಿದ್ದ ಒಂದು ಏಳರ ಬಳಿ ನಿಲ್ಲಿಸಿದರು. ಮನೆಯ ಮುಂದೆ ವ್ಯಾನು ನಿಂತಿತು. ಚಾಲಕ ಎಂಜಿನ್ ಆರಿಸಿದ. ಯಾರೂ ಇಳಿಯಲಿಲ್ಲ.