ಷರಾದ ಎರಡನೇ ಸಾಲು

ಅಕ್ಕ ಮಾತಿಗೆ ನಿಂತರೆ ನಡುವೆ ಬಾಯಿ ಹಾಕಲು ಯಾರಿಗೂ ಸಂದು ಸಿಗುತ್ತಿರಲಿಲ್ಲ. ಅಂಥವಳು ಬಾವಿಗಳ ಬಗ್ಗೆ ಅರ್ಧಂಬರ್ಧ ಬರೆದು ಕೈತೊಳೆದುಕೊಂಡಿದ್ದಾಳೆ ಎಂದು ಪ್ರಯೋಗಾಲಯದ ಮುಖ್ಯಸ್ಥೆ ದೂರಿದಾಗ ತಂಗಿಗೆ ಮೊದಲು ನಗು ಬಂತು. ಪರದೆ ನೋಡಿದ ಮೇಲೆ ನಗು ಇಳಿಯಿತು.

ಇಬ್ಬರೂ ಕೆಲಸಕ್ಕಿದ್ದುದು ಒಂದೇ ನೀರು ಪರೀಕ್ಷೆಯ ಸಂಸ್ಥೆಯಲ್ಲಿ. ಅಕ್ಕ ಊರೂರು ಸುತ್ತಿ ಬಾವಿಯ ನೀರು ಅಳೆದು, ಕೈಯಂತ್ರದಲ್ಲಿ ಅಂಕಿಗಳ ಜೊತೆ ಷರಾ ತುಂಬುವವಳು. ಆ ಕಡತಗಳನ್ನು ತೆರೆದು ತೋರಿಸುವ ತಂತ್ರಾಂಶ ತಂಗಿಯದು. ಅದರಲ್ಲಿ ಕಂಡದ್ದು ಇಷ್ಟೇ: 'ನೀರಿಗೆ ತುಕ್ಕಿನ ವಾಸನೆ.' ಇಂಥವು ಹನ್ನೊಂದು ಬಾವಿ. ಸೋಮವಾರ ಅವೆಲ್ಲ ಮುಚ್ಚುವ ಪಟ್ಟಿಗೆ, ಅಕ್ಕ ಬಾಟಲಿ ತೊಳೆಯುವ ಕೋಣೆಗೆ ಎಂದು ಮುಖ್ಯಸ್ಥೆ ಹೇಳಿಬಿಟ್ಟರು.

ಸಂಜೆ ಅಕ್ಕನ ಅಡುಗೆಮನೆಯಲ್ಲಿ ನಿಂತು ತಂಗಿ, ಇನ್ನೊಂದು ಸಾಲು ಬರೆಯುವುದಕ್ಕೆ ಏನು ದಾಡಿಯಾಗಿತ್ತು ಎಂದು ಕೇಳಿದಳು. ಅಕ್ಕ ಸೌಟು ಕೆಳಗಿಟ್ಟಳು. ಪ್ರತಿ ಬಾವಿಗೂ ಎರಡೆರಡು ಸಾಲು, ಹೊಸ ಸಾಲಿನ ಗುಂಡಿ ಒತ್ತಿಯೇ ಬರೆದಿದ್ದೇನೆ ಎಂದಳು. ಆಮೇಲೆ ಒಂದು ಮಾತೂ ಆಡಲಿಲ್ಲ. ಅಕ್ಕ ಸುಮ್ಮನಿದ್ದುದನ್ನು ತಂಗಿ ಕಂಡದ್ದು ಅದೇ ಮೊದಲು.

ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ತಂಗಿ ಕಚೇರಿಯಲ್ಲಿದ್ದಳು. ತಂತ್ರಾಂಶ ಷರಾದ ಕಾಲಮ್ಮಿಗೆ 'ಪಠ್ಯ' ಎಂದಷ್ಟೇ ಹೇಳುತ್ತಿತ್ತು. ಅದು ಎಷ್ಟು ಉದ್ದ, ಉಳಿದ ಜಾಗ ಹೇಗೆ ತುಂಬಿದೆ, ಅಕ್ಷರಗಳನ್ನು ಯಾವ ಸಂಕೇತದಲ್ಲಿ ಇಟ್ಟಿದೆ, ಒಂದನ್ನೂ ತೋರಿಸುತ್ತಿರಲಿಲ್ಲ. ಅದೆಲ್ಲ ಯಾರಿಗೆ ಬೇಕು ಎಂದು ಹಿಂದೊಮ್ಮೆ ಬಿಟ್ಟವಳು ಅವಳೇ. ಈಗ ಕಡತದ ಒಳಗನ್ನು ಬೈಟು ಬೈಟಾಗಿ ಬಿಡಿಸಿ ನೋಡಿದಳು. ಒಂದೊಂದು ಷರಾಕ್ಕೂ ಐನೂರು ಬೈಟುಗಳ ಜಾಗ. 'ವಾಸನೆ' ಆದ ಮೇಲೆ ಒಂದು ಸೊನ್ನೆ ಬೈಟು, ಪರದೆಯಲ್ಲಿ ಕಾಣದ ಗುರುತು. ಸೊನ್ನೆಯ ಆಚೆ ಮತ್ತೆ ಅಕ್ಷರಗಳು, ಕೊನೆಯಲ್ಲಿ ಸಾಲುಸಾಲು ಖಾಲಿ ಜಾಗ.

ಕೆಲವು ಕಡತಗಳಲ್ಲಿ ಸೊನ್ನೆ ಬಂದರೆ ಪಠ್ಯ ಮುಗಿಯಿತೆಂದು ಅರ್ಥ. ಕೆಲವದರಲ್ಲಿ ಮಿಕ್ಕ ಜಾಗಕ್ಕೆ ಖಾಲಿ ಅಕ್ಷರ ತುಂಬಿರುತ್ತದೆ, ನಡುವಿನ ಸೊನ್ನೆಗೆ ಆ ಅರ್ಥವಿಲ್ಲ. ಇದು ಎರಡನೆಯ ಬಗೆ. ಕೈಯಂತ್ರ ಹೊಸ ಸಾಲಿಗೆ ಸೊನ್ನೆ ಹಾಕಿತ್ತು, ಅವಳ ತಂತ್ರಾಂಶ ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಅಲ್ಲಿಗೇ ಓದುವುದನ್ನು ನಿಲ್ಲಿಸಿತ್ತು.

ಎರಡು ದಿನ ಕೂತು ಅವಳು ಅದನ್ನು ತಿದ್ದಿದಳು. ಕಾಲಮ್ಮಿನ ಪಕ್ಕದಲ್ಲಿ ಉದ್ದ, ತುಂಬಿದ ಬಗೆ, ಅಕ್ಷರ ಸಂಕೇತ ಮೂರೂ ಕಾಣುವಂತೆ ಮಾಡಿ ಮುಖ್ಯಸ್ಥೆಯನ್ನು ಕರೆದಳು. ಪರದೆಯ ಮೇಲೆ ಈಗ ಮೊದಲ ಬಾವಿಯ ಇಡೀ ಷರಾ ಇತ್ತು: 'ನೀರಿಗೆ ತುಕ್ಕಿನ ವಾಸನೆ. ಹಳೇ ಕೊಳವೆ ಬದಲಿಸಿದ ಮೇಲೆ ಮತ್ತೆ ನೋಡಿದೆ, ಏನೂ ಇಲ್ಲ. ಮೂವತ್ತು ಮನೆ ಈ ಬಾವಿಯನ್ನೇ ನೆಚ್ಚಿವೆ.'

ಮುಖ್ಯಸ್ಥೆ ಹನ್ನೊಂದನ್ನೂ ಓದಿದರು. ಪಟ್ಟಿ ತಡೆದು ಹೊಸ ಮಾದರಿ ತರಿಸಿದರು. ಒಂಬತ್ತು ಬಾವಿಯ ನೀರು ಶುದ್ಧವಿತ್ತು. ಕೊಳವೆ ಇನ್ನೂ ಬದಲಿಸದ ಉಳಿದೆರಡಕ್ಕೆ ಅದೊಂದನ್ನು ಮಾಡಿದರೆ ಸಾಕಿತ್ತು. ತಾವೇ ಅಕ್ಕನ ಮೇಜಿನ ಬಳಿ ಹೋಗಿ, ತಪ್ಪಾಯಿತು ಎಂದರು.

ತಂಗಿಗೆ ಅಷ್ಟು ಸುಲಭವಾಗಲಿಲ್ಲ. ಮೆಟ್ಟಿಲ ಬಳಿ ಅಕ್ಕನನ್ನು ನಿಲ್ಲಿಸಿ, "ತಪ್ಪು ನಂದೇ ಅಕ್ಕ. ನಿನ್ನ ಹತ್ರ ಬಂದು ಹಾಗೆ ಕೇಳಬಾರ್ದಿತ್ತು" ಎಂದಳು.

"ಕೇಳಿದ್ದಕ್ಕೆ ಬೇಜಾರಿಲ್ಲ ಕಣೇ," ಅಂದಳು ಅಕ್ಕ. "ಕೇಳೋಕೆ ಮೊದಲೇ ನಾನೇ ಬರೆದಿಲ್ಲ ಅಂತ ನಂಬಿಬಿಟ್ಟಿದ್ದೆಯಲ್ಲ, ಅದಕ್ಕೆ."

ತಂಗಿ ತಲೆ ತಗ್ಗಿಸಿದಳು. ಅಕ್ಕ, ನಾಳೆ ಕೊಳವೆ ಹಾಕುವ ಕಡೆ ಹೋಗುತ್ತಿದ್ದೇನೆ, ಬಾವಿಯ ಮುಖವನ್ನೇ ನೋಡಿಲ್ಲ ನೀನು, ಬಾ ಎಂದಳು. ಮರುದಿನ ಜೀಪಿನಲ್ಲಿ ದಾರಿಯುದ್ದಕ್ಕೂ ಅಕ್ಕ ಒಂದೊಂದು ಬಾವಿಯ ಕಥೆ ಹೇಳುತ್ತಾ ಹೋದಳು. ತಂಗಿ ಒಮ್ಮೆಯೂ ಅಡ್ಡ ಮಾತಾಡಲಿಲ್ಲ.