ಅಟ್ಟದಿಂದ ಇಳಿದ ಪುಸ್ತಕದ ಪೆಟ್ಟಿಗೆ

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಹೊಂಗೆಕಟ್ಟೆ ಸಿಗುತ್ತದೆ. ಆ ಊರಿನಲ್ಲಿ ಬೆಲೆಬಾಳುವ ವಸ್ತು ಯಾವುದೇ ಇರಲಿ, ಅದರ ಜಾಗ ಅಟ್ಟ. ತೆಂಗಿನಕಾಯಿ ಅಟ್ಟ ಹತ್ತಿ ವರ್ಷಪೂರ್ತಿ ಅಲುಗಾಡದೆ ಕೂತರೆ ತಾನೇ ಒಳಗಿನ ನೀರು ಇಂಗಿ ಕೊಬ್ಬರಿಯಾಗುವುದು? ಅದರಲ್ಲೂ ಮರುಳಸಿದ್ದಯ್ಯನವರ ಅಟ್ಟವೆಂದರೆ ಕೇಳಬೇಕೆ! ತಿಪಟೂರು ಮಾರುಕಟ್ಟೆಯಲ್ಲಿ ಅವರ ಕೊಬ್ಬರಿಗೆ ಹೆಸರಿತ್ತು. ಆ ಹೆಸರು ಅವರ ತಲೆಗೂ ಸ್ವಲ್ಪ ಏರಿತ್ತು ಅನ್ನಿ.

ಕಾಯಿರಾಶಿಯ ಪಕ್ಕದಲ್ಲಿ ಒಂದು ತಗಡಿನ ಪೆಟ್ಟಿಗೆಯೂ ಇತ್ತು. ಎಪ್ಪತ್ತೇಳನೇ ಇಸವಿಯ ಮಳೆಗಾಲದಲ್ಲಿ ಊರ ಶಾಲೆಯ ಹೆಂಚು ಸೋರಿದಾಗ, ಆಗಿನ ಹೆಡ್‌ಮೇಷ್ಟ್ರು ಶಾಲೆಗೆ ಬಂದಿದ್ದ ಪುಸ್ತಕಗಳನ್ನೆಲ್ಲ ಅದರೊಳಗೆ ತುಂಬಿ, "ಮಳೆ ನಿಲ್ಲೋಗಂಟ ಇಟ್ಕೊಂಡಿರಿ" ಎಂದು ಕೊಟ್ಟಿದ್ದರು. ಮಳೆ ನಿಂತಿತು. ಹೆಂಚು ಬದಲಾಯಿತು. ಹೆಡ್‌ಮೇಷ್ಟ್ರಿಗೆ ವರ್ಗವೂ ಆಯಿತು. ಪೆಟ್ಟಿಗೆ ಮಾತ್ರ ಇಳಿಯಲಿಲ್ಲ. ಮರುಳಸಿದ್ದಯ್ಯ ಪ್ರತಿ ದೀಪಾವಳಿಗೆ ಅದನ್ನು ಒರೆಸಿ, ಒಳಗೆ ಹೊಸ ಬೇವಿನಸೊಪ್ಪು ಹಾಕಿ, ಮತ್ತೆ ಬೀಗ ಜಡಿಯುತ್ತಿದ್ದರು.

"ಇಸ್ಕೂಲಿನ ಆಸ್ತಿ ಕಣಪ್ಪ, ಒಂದ್ ಇಲಿ ಹಲ್ಲು ತಾಕಿಲ್ಲ" ಎಂದು ಬಂದ ನೆಂಟರಿಗೆಲ್ಲ ತೋರಿಸುವುದು ಬೇರೆ.

ಏಳು ವರ್ಷ ಹೀಗೇ ಕಳೆಯಿತು. ಒಂದು ಭಾನುವಾರ ಶಾಲೆಯ ಹೊಸ ಉಪಾಧ್ಯಾಯಿನಿ ಶಿವರುದ್ರಮ್ಮ ಅವರ ಜಗಲಿಗೆ ಬಂದರು. ಕೈಯಲ್ಲಿ ಒಂದು ಅರ್ಜಿ.

"ಯಜಮಾನ್ರೆ, ನಾಳೆ ಎಮ್ಮೆಲ್ಲೆ ಅವರು ಕ್ರಾಸಿಗೆ ಬರ್ತಾರಂತೆ. ನಮ್ಮೂರಿಗೊಂದು ಗ್ರಂಥಾಲಯ, ಶಾಲೆಗೊಂದು ಓದೋ ಕೋಣೆ ಕೊಡಿ ಅಂತ ಕೇಳೋಣ. ನೀವೂ ಬರ್ಬೇಕು."

ಮರುಳಸಿದ್ದಯ್ಯ ನಕ್ಕುಬಿಟ್ಟರು. "ಏನ್ ಟೀಚರಮ್ಮ, ಎಮ್ಮೆಲ್ಲೆ ತಾವ ಹೋದ್ಮೇಲೆ ರೋಡು ಕೇಳ್ಬೇಕು, ಬೋರ್‌ವೆಲ್ ಕೇಳ್ಬೇಕು. ಪುಸ್ತಕ ಕೇಳಿದ್ರೆ ನಗಾಕಿಲ್ವಾ?"

"ರೋಡೂ ಕೇಳೋಣ, ಬ್ಯಾಡ ಅಂದೋರ್ಯಾರು? ಆದ್ರೆ ಗ್ರಂಥಾಲಯಕ್ಕೂ ಸರ್ಕಾರದಲ್ಲಿ ಕಾನೂನೈತೆ. ಮನೆಗೆ ನೀವು ಕಟ್ಟೋ ಕಂದಾಯದ ಜೊತೆ ಗ್ರಂಥಾಲಯದ ಕರಾನೂ ಸೇರಿರುತ್ತೆ. ನಾವು ಕೇಳ್ದಿದ್ರೆ ವಿಧಾನಸೌಧದಲ್ಲಿ ಕೂತೋರಿಗೆ ನಮ್ಮೂರಿನ ಮಕ್ಕಳು ಹೆಂಗ್ ಗೊತ್ತಾಗ್ತಾರೆ?"

ಕಂದಾಯದ ಮಾತು ಅವರಿಗೆ ಹೊಸದು. ಆದರೂ ಸೋಲೊಪ್ಪುವ ಜನವಲ್ಲ. "ಬತ್ತೀನಿ ಬುಡಿ, ಜನ ಇದ್ರೆ ಚೆಂದ" ಎಂದರು. ಮರುದಿನ ಹೊಸ ರುಮಾಲು ಸುತ್ತಿ ಎಲ್ಲರಿಗಿಂತ ಮುಂದೆ ನಡೆದರು.

ಕ್ರಾಸಿನ ಹೋಟೆಲಿನ ಮುಂದೆ ಶಾಸಕರು ನಿಂತೇ ಅರ್ಜಿ ಓದಿದರು. ಜೊತೆಗಿದ್ದ ಗುಮಾಸ್ತರು ಯಾವುದೋ ಪಟ್ಟಿ ತಿರುವಿ ಹಾಕಿ ಕಿವಿಯಲ್ಲಿ ಏನೋ ಹೇಳಿದರು. ಶಾಸಕರು ತಲೆಯೆತ್ತಿದರು.

"ನಿಮ್ಮ ಶಾಲೆಗೆ ಹಿಂದೇನೇ ಪುಸ್ತಕ ಕೊಟ್ಟಿದೆಯಲ್ಲ? ಅವೇನಾದ್ವು?"

ಮರುಳಸಿದ್ದಯ್ಯನವರ ಎದೆ ಉಬ್ಬಿತು. ಇಂಥ ಪ್ರಶ್ನೆಗೆ ಅವರಷ್ಟು ಚೆನ್ನಾಗಿ ಉತ್ತರ ಹೇಳಬಲ್ಲವರು ಇನ್ಯಾರು?

"ನಮ್ಮ ಅಟ್ಟದ ಮ್ಯಾಲೆ ಭದ್ರವಾಗವೆ ಸ್ವಾಮಿ! ಏಳು ವರ್ಷದಿಂದ ಒಂದೇ ಒಂದು ಪುಸ್ತಕ ಆಚೆಗೆ ಹೋಗಿಲ್ಲ. ಯಾರಿಗೂ ಮುಟ್ಟಕ್ಕೆ ಬುಟ್ಟಿಲ್ಲ!"

ಹೋಟೆಲಿನಲ್ಲಿ ಕೂತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಶಿವರುದ್ರಮ್ಮ ತಲೆ ತಗ್ಗಿಸಿದರು. ಶಾಸಕರು ನಗಲಿಲ್ಲ.

"ಯಜಮಾನ್ರೆ, ಇನ್ನೂ ನಾಲ್ಕು ಊರಿನೋರು ಗ್ರಂಥಾಲಯ ಕೇಳಿದಾರೆ. ಪುಸ್ತಕಾನ ಅಟ್ಟಕ್ಕೆ ಹಾಕೋ ಊರಿಗೆ ಕೊಡಿ ಅಂತ ಸದನದಲ್ಲಿ ನಾನು ಯಾವ ಬಾಯಿಂದ ಕೇಳ್ಲಿ? ಅಧಿವೇಶನಕ್ಕೆ ಎರಡು ತಿಂಗಳಿದೆ. ಓದ್ತೀವಿ ಅಂತ ತೋರ್ಸಿ. ಇಲ್ಲಾಂದ್ರೆ ಬೇರೆ ಊರಿನ ಹೆಸರು ಹೇಳ್ತೀನಿ."

ವಾಪಸು ಬರುವಾಗ ಮರುಳಸಿದ್ದಯ್ಯ ಎಲ್ಲರಿಗಿಂತ ಹಿಂದೆ ನಡೆದರು. ಯಾರೂ ಅವರನ್ನು ಬೈಯಲಿಲ್ಲ, ಅದೇ ಅವರಿಗೆ ಹೆಚ್ಚು ನೋವಾಯಿತು. ಊರಿಗೆ ಬರಬೇಕಾದದ್ದು ತಮ್ಮ ಬಾಯಿಂದಲೇ ತಪ್ಪಿಹೋಗುತ್ತದಲ್ಲ ಎಂದು ಒಳಗೊಳಗೇ ಬೆಂದರು.

ಮನೆಯಲ್ಲಿ ಹೆಂಡತಿ ಸಿದ್ದಗಂಗಮ್ಮ ಎಲ್ಲ ಕೇಳಿಸಿಕೊಂಡು ನೇರವಾಗಿಯೇ ಅಂದರು: "ಕಾಯಿ ಆದ್ರೆ ಇಟ್ಟಷ್ಟೂ ಕೊಬ್ರಿ ಆಯ್ತದೆ. ಇಟ್ಟ ಪುಸ್ತಕ ಏನಾಯ್ತದ್ರೀ? ನಮ್ ಗಿರಿಜಾ ಏಳನೇ ಕ್ಲಾಸು ಮುಗ್ಸಿ ಮನೇಲವ್ಳೆ. ತಲೆ ಮ್ಯಾಲೇ ಅಷ್ಟು ಪುಸ್ತಕ ಇದ್ರೂ ಒಂದಾದ್ರೂ ಕೊಟ್ರಾ?"

ಮರುಳಸಿದ್ದಯ್ಯ ಏಣಿ ಹಾಕಿ ಹತ್ತಿ ಪೆಟ್ಟಿಗೆಯನ್ನು ಇಳಿಸಿದರು.

ಮರುದಿನದಿಂದ ಅವರ ಅಂಗಳದಲ್ಲಿ ಕೊಬ್ಬರಿ ಕೆಲಸದ ಜೊತೆಗೇ ಓದು ಶುರುವಾಯಿತು. ಗಂಡಸರು ಕಾಯಿ ಸುಲಿಯುವರು, ಹೆಂಗಸರು ಚಿಪ್ಪು ಒಡೆದು ಕೊಬ್ಬರಿ ಬಿಡಿಸುವರು, ಮಗಳು ಗಿರಿಜಾಂಬಿಕಾ ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಓದುವಳು. ಎರಡನೇ ದಿನ ರಾಣಿಯೊಬ್ಬಳ ಕಥೆ ಅರ್ಧಕ್ಕೆ ನಿಂತಾಗ ಚಿಪ್ಪು ಒಡೆಯುತ್ತಿದ್ದ ಅಂಕಮ್ಮ ತಕರಾರು ತೆಗೆದಳು. "ಲೇ ಗಿರಿಜಾ, ಆ ರಾಣಿ ಬದುಕಿದ್ಲೋ ಸತ್ಲೋ ಹೇಳೇ. ಅಲ್ಲೀಗಂಟ ನಾನೊಂದು ಕಾಯೂ ಒಡೆಯಾಕಿಲ್ಲ!"

ತೆಂಗಿನ ಸುಳಿ ಕೊರೆಯುವ ದುಂಬಿಯ ಬಗ್ಗೆ ಒಂದು ತೆಳುವಾದ ಪುಸ್ತಕ ಬಂದಾಗ ಮರುಳಸಿದ್ದಯ್ಯ ಮೂಗು ಮುರಿದರು. "ಮೂರು ತಲೆಮಾರಿಂದ ತೋಟ ಮಾಡ್ತಿದೀವಿ. ನಮಗ್ಗೊತ್ತಿಲ್ದಿರೋದು ಅದ್ರಲ್ಲೇನೈತೆ?" ಗಿರಿಜಾ ಓದುತ್ತಲೇ ಹೋದಳು: ದುಂಬಿ ಮೊಟ್ಟೆಯಿಡುವುದು ಗೊಬ್ಬರದ ಗುಂಡಿಯಲ್ಲಿ, ಅದರ ಮರಿ ಬೆಳೆಯುವುದೂ ಅಲ್ಲೇ. ಯಜಮಾನರು ಸದ್ದಿಲ್ಲದೆ ಎದ್ದು ಹಿತ್ತಲಿಗೆ ಹೋಗಿ ಗುಂಡಿಯನ್ನು ಕೆದಕಿದರು. ಹೆಬ್ಬೆಟ್ಟಿನ ಗಾತ್ರದ ಬಿಳಿ ಹುಳಗಳು ಸುರುಳಿ ಸುತ್ತಿಕೊಂಡು ಬಿದ್ದಿದ್ದವು. ತಮ್ಮ ತೋಟದ ಶತ್ರುವನ್ನು ತಾವೇ ಸಗಣಿ ಹಾಕಿ ಸಾಕುತ್ತಿದ್ದುದು ತಿಳಿದು ಅವರಿಗೆ ನಾಚಿಕೆಯಾಯಿತು. ಸಂಜೆ ಅದೇ ಪುಸ್ತಕ ಹಿಡಿದು ನೆರೆಮನೆಯ ಹುಚ್ಚರಂಗಯ್ಯನಿಗೆ ತೋರಿಸಲು ತಾವೇ ಹೋದರು.

ಶಿವರುದ್ರಮ್ಮ ಒಂದು ನೋಟ್‌ಬುಕ್ಕು ಇಟ್ಟರು. ಒಂದು ಕಡೆ ಓದಿದವರ ಸಹಿ, ಇನ್ನೊಂದು ಕಡೆ ಓದಿಸಿ ಕೇಳಿದವರ ಹೆಬ್ಬೆಟ್ಟು. ಎರಡು ತಿಂಗಳಲ್ಲಿ ಹಾಳೆಗಳು ತುಂಬಿಹೋದವು. ಪಂಚಾಯಿತಿ ಸಭೆ ಸೇರಿ ಗ್ರಂಥಾಲಯ ಬೇಕೆಂದು ಠರಾವು ಮಾಡಿತು. ಕೋಣೆ ಎಲ್ಲಿ ಎಂಬ ಮಾತು ಬಂದಾಗ ಮರುಳಸಿದ್ದಯ್ಯ ಎದ್ದು ನಿಂತು, ಸರ್ಕಾರದ ಕಟ್ಟಡ ಆಗುವ ತನಕ ತಮ್ಮ ಬೀದಿಬದಿಯ ಕೋಣೆಯನ್ನು ಬಾಡಿಗೆಯಿಲ್ಲದೆ ಬಿಟ್ಟುಕೊಡುವುದಾಗಿ ಬರೆದುಕೊಟ್ಟರು.

ಈ ಸಲ ಶಾಸಕರನ್ನು ಕಾಣಲು ತಿಪಟೂರಿನ ಪ್ರವಾಸಿ ಮಂದಿರಕ್ಕೆ ಇಪ್ಪತ್ತು ಜನ ಹೋದರು. ಅವರಲ್ಲಿ ಎಂಟು ಮಂದಿ ಹೆಂಗಸರು. ಶಾಸಕರು ಮರುಳಸಿದ್ದಯ್ಯನವರನ್ನು ಗುರುತು ಹಿಡಿದು, "ಹೇಗಿವೆ ಯಜಮಾನ್ರೆ ನಿಮ್ಮ ಪುಸ್ತಕಗಳು?" ಎಂದರು.

ಮರುಳಸಿದ್ದಯ್ಯ ಚೀಲದಿಂದ ಪುಸ್ತಕಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು.

"ನೋಡಿ ಸ್ವಾಮಿ. ಇದರ ರಟ್ಟು ಕಿತ್ತೋಗಿದೆ. ಇದಕ್ಕೆ ಅಂಕಮ್ಮನ ಕೈ ಅರಿಶ್ನ ಹತ್ತಿದೆ. ಇದು ಐದೂರು ಸುತ್ಕೊಂಡು ನಿನ್ನೆ ಬಂತು. ಇನ್ನೊಂದು ದಂಡಿನಶಿವರಕ್ಕೆ ಹೋಗಿದ್ದು ಇನ್ನೂ ಬಂದಿಲ್ಲ, ಓದ್ತಾವ್ರಂತೆ."

"ಹಾಗಾದ್ರೆ ಸರ್ಕಾರದ ಪುಸ್ತಕ ಹಾಳು ಮಾಡಿದ್ರಿ ಅನ್ನಿ" ಎಂದರು ಶಾಸಕರು.

"ಹೂಂ ಸ್ವಾಮಿ, ಓದಿ ಓದಿ ಹಾಳ್ಮಾಡ್ಬುಟ್ವಿ. ಅದ್ಕೇ ಹೊಸವು ಕೇಳಕ್ಕೆ ಬಂದಿದೀವಿ!"

ಈ ಸಲ ಶಾಸಕರೇ ಜೋರಾಗಿ ನಕ್ಕರು. ಶಿವರುದ್ರಮ್ಮ ಮುಂದಿಟ್ಟ ನೋಟ್‌ಬುಕ್ಕಿನ ಹೆಬ್ಬೆಟ್ಟುಗಳ ಮೇಲೆ ಕೈಯಾಡಿಸಿ, "ಇದನ್ನ ಸದನಕ್ಕೆ ತಗೊಂಡೋಗ್ತೀನಿ" ಎಂದರು. ಶಿವರುದ್ರಮ್ಮ ಅರ್ಜಿಯ ನಕಲಿನ ಮೇಲೆ ಸಹಿ, ತಾರೀಖು ಹಾಕಿಸಿಕೊಳ್ಳಲು ಮರೆಯಲಿಲ್ಲ.

ಅಧಿವೇಶನ ನಡೆದ ವಾರ ಒಂದು ಮಧ್ಯಾಹ್ನ ಕ್ರಾಸಿನಿಂದ ಪತ್ರಿಕೆ ಬಂತು. ಗಿರಿಜಾ ಜಗಲಿಯ ಮೇಲೆ ನಿಂತು ಓದಿದಳು. ಹೊಂಗೆಕಟ್ಟೆಯ ಗ್ರಂಥಾಲಯದ ಬಗ್ಗೆ ಶಾಸಕರು ಸದನದಲ್ಲಿ ಪ್ರಶ್ನೆ ಎತ್ತಿದ್ದರು. ಅದನ್ನು ಈ ವರ್ಷವೇ ತೆರೆಯುತ್ತೇವೆ, ಶಾಲೆಗೂ ಪುಸ್ತಕ ಕೊಡುತ್ತೇವೆ ಎಂದು ಮಂತ್ರಿಗಳು ಉತ್ತರ ಕೊಟ್ಟಿದ್ದರು. ಊರಿನ ಹೆಸರು ಅಚ್ಚಿನಲ್ಲಿ ಬಂದಿದ್ದನ್ನು ನೋಡಲು ಜನ ಮುಗಿಬಿದ್ದರು. ಅಕ್ಷರ ಬಾರದ ಅಂಕಮ್ಮ, "ಎಲ್ಲೈತೆ ನಮ್ಮೂರು, ತೋರ್ಸೇ" ಎಂದು ಬೆರಳಿಟ್ಟು ನೋಡಿದಳು. ಆಮೇಲೆ ಗಿರಿಜಾಳ ಕೈಹಿಡಿದು, "ಗ್ರಂಥಾಲಯ ಬರೋ ಹೊತ್ಗೆ ನಂಗೂ ಓದಕ್ಕೆ ಕಲ್ಸ್‌ಬುಡವ್ವ" ಎಂದಳು. ಮರುಳಸಿದ್ದಯ್ಯ ರುಮಾಲಿನ ತುದಿಯಿಂದ ಕಣ್ಣೊರೆಸಿಕೊಂಡರು.

ಅಣ್ಣಂದಿರೆ, ಅಕ್ಕಂದಿರೆ, ನಿಮ್ಮೂರ ಶಾಲೆಯ ಪುಸ್ತಕಗಳು ಎಲ್ಲಿವೆ ಎಂದು ನಾಳೆಯೇ ಹೋಗಿ ಕೇಳಿ. ಬೀರುವಿನಲ್ಲಿದ್ದರೆ ಬೀಗ ತೆಗೆಸಿ, ಮಕ್ಕಳ ಕೈಗೆ ಕೊಡಿಸಿ, ಓದಿದವರ ಹೆಸರು ಬರೆದಿಡಿ. ಪಂಚಾಯಿತಿಯಲ್ಲಿ ಠರಾವು ಮಾಡಿಸಿ, ಕೋಣೆಯೊಂದನ್ನು ಗೊತ್ತುಮಾಡಿ, ಹತ್ತಾರು ಜನ ಕೂಡಿ ನಿಮ್ಮ ಶಾಸಕರ ಬಳಿ ಹೋಗಿ. ಒಂದು ಸಲಕ್ಕೆ ಆಗದಿದ್ದರೆ ಮತ್ತೆ ಹೋಗಿ. ನಿಮ್ಮ ಪರವಾಗಿ ಮಾತಾಡಲೆಂದೇ ನೀವು ಓಟು ಹಾಕಿ ಅವರನ್ನು ಕಳಿಸಿದ್ದೀರಿ. ಸಂಕೋಚ ಬೇಡ, ತಲೆಯೆತ್ತಿ ಕೇಳಿ.