ಒಂದೇ ಕೈಯಲ್ಲಿ ತೆರೆಯುವಂಥದ್ದು

ಅಲಗಿನಲ್ಲಿ ಒಂದು ಬಾಯಿ ಕಾಣಿಸುತ್ತದೆ, ಉದ್ದಕ್ಕೆ ಎಳೆದಂತೆ, ತುಟಿಯೇ ಇಲ್ಲದಂತೆ, ನನ್ನದೇ ಇರಬೇಕು, ಅಂಗಡಿಯವನು ಚಾಕುವನ್ನು ಕೊಂಚ ಓರೆ ಮಾಡಿದ ಮೇಲೆ ಬಾಯಿ ಹೋಗಿ ಟ್ಯೂಬ್‌ಲೈಟು ಬಂತು, ಇದು ನೋಡಿ ಮೇಡಂ, ಇದ್ರಲ್ಲಿ ಎಲ್ಲಾ ಇದೆ, ಕತ್ತರಿ, ಗರಗಸ, ಸ್ಕ್ರೂ ತಿರುಗಿಸೋದು, ಡಬ್ಬಿ ಮುಚ್ಚಳ ತೆಗೆಯೋದು, ಹಲ್ಲುಕಡ್ಡಿ ಕೂಡ, ದಿನಾ ಬ್ಯಾಗಲ್ಲಿ ಇಟ್ಕೊಂಡ್ರೆ ಗಂಡ ಇಲ್ದಿದ್ರೂ ಮನೆ ನಡೆಯುತ್ತೆ — ತನ್ನ ಜೋಕಿಗೆ ತಾನೇ ನಗುತ್ತಾನೆ, ನಗಲಿ, ನಾನು ಅದನ್ನು ಎಡಗೈಗೆ ತೆಗೆದುಕೊಂಡು ಆ ಒಂದು ಕೈಯಲ್ಲೇ ಬಿಚ್ಚಲು ನೋಡುತ್ತೇನೆ, ಉಗುರು ಸಿಕ್ಕಿಸುವ ಗೀರು ಸಿಗುತ್ತದೆ, ಅಲಗು ಜಪ್ಪಯ್ಯ ಎಂದರೂ ಏಳುವುದಿಲ್ಲ, ಎರಡು ಕೈ ಖಾಲಿ ಇರುವವರ ಚಾಕು ಇದು, ಕೂತು ಸೇಬು ಹೆಚ್ಚುವವರದು, ನನಗೆ ಒಂದೇ ಕೈ ಇರುತ್ತದೆ, ಇನ್ನೊಂದರಲ್ಲಿ ಒಂದು ಜೀವ ಇರುತ್ತದೆ, ಇದನ್ನು ಇವನಿಗೆ ಹೇಗೆ ಹೇಳುವುದು, ಅವನು ಕೇಳುತ್ತಿದ್ದಾನೆ, ಏನು ಕತ್ತರಿಸೋಕೆ ಮೇಡಂ, ಹಣ್ಣಾ, ಪಾರ್ಸಲ್ಲಾ, ನಾನು ಲಾಡಿ ಅನ್ನುತ್ತೇನೆ, ಏಪ್ರನ್ನಿನ ಲಾಡಿ, ಒದ್ದೆಯಾಗಿ ಬಿಗಿದದ್ದು, ಅವನು ನನ್ನ ಮುಖ ನೋಡಿ, ಲಾಡಿಗೆಲ್ಲ ಯಾರಾದ್ರೂ ಚಾಕು ತಗೋತಾರಾ, ಗಂಟು ಬಿಚ್ಚಿದ್ರೆ ಆಯ್ತಲ್ವಾ — ಆಯ್ತಲ್ವಾ, ಹೌದಲ್ಲ, ಎಷ್ಟು ಸುಲಭ, ಬಾಯಲ್ಲಿ ಗಂಜಿಯ ರುಚಿ ಬಂತು, ಬಟ್ಟೆಗೆ ಹಾಕುವ ಗಂಜಿ, ಅದು ಹೀಗೇ, ಕರೆಯದೆ ಬಂದು ನಾಲಗೆಯ ಮೇಲೆ ಕೂತುಬಿಡುತ್ತದೆ.

ಮೊದಲು ನಮ್ಮೆಲ್ಲರ ಸೊಂಟದಲ್ಲೂ ಚಾಕು ಇತ್ತು, ಆಸ್ಪತ್ರೆಗಳ ಚಾದರ, ಹೋಟೆಲುಗಳ ಚಾದರ, ನಮ್ಮ ಲಾಂಡ್ರಿ ಕಾರ್ಖಾನೆಗೆ ಬರುವುದೇ ಮೂಟೆಯಾಗಿ, ಹಗ್ಗ ಬಿಗಿದು, ಯಾರೋ ಯಾರ ಮೇಲಿನದೋ ಸಿಟ್ಟನ್ನು ಕಟ್ಟಿ ಕಳಿಸಿದ ಹಾಗೆ, ಅದನ್ನು ಕೊಯ್ಯಬೇಕು, ಕೊಯ್ದು ಒಗೆಯಬೇಕು, ಒಗೆದು ಬೆಲ್ಟಿನ ಮೇಲೆ ಹಾಸಿ ಇಸ್ತ್ರಿ ಮಾಡುವ ಉಗಿ ರೋಲರಿಗೆ ಕೊಡಬೇಕು, ಗಿಣಿಯ ಚಾಕುವಿಗೆ ಹಿಡಿಯೇ ಇರಲಿಲ್ಲ, ಹಳೇ ಬಟ್ಟೆ ಸುತ್ತಿಕೊಂಡಿದ್ದಳು, ಗಿಣಿ ಎಂದರೆ ನನ್ನ ಜೋಡಿ, ಚಾದರದ ಆ ಎರಡು ಮೂಲೆ ಅವಳದು ಈ ಎರಡು ಮೂಲೆ ನನ್ನದು, ಬಾಯಿಗೆ ಬೀಗವಿಲ್ಲದವಳು ಎಂದು ಎಲ್ಲರೂ ಗಿಣಿ ಅನ್ನುತ್ತಿದ್ದರು, ರೋಲರನ್ನು ತೋರಿಸಿ ಅನ್ನುತ್ತಿದ್ದಳು, ನಮ್ಮನೆಯವ್ರಿಗಿಂತ ಇವ್ನೇ ವಾಸಿ ಕಣೇ, ಯಾವಾಗ್ಲೂ ಬಿಸಿಯಾಗಿರ್ತಾನೆ, ಎದುರು ಮಾತಾಡಲ್ಲ. ಆಮೇಲೆ ನಾವು ಗೇಟಿನ ಮುಂದೆ ಕೂತೆವು, ಶಾಖಕ್ಕೆ ತಲೆ ಸುತ್ತಿ ಬೀಳುತ್ತಿದ್ದೇವೆ, ಗೋಡೆಗೆ ಕಿಟಕಿ ತೆಗೆಸಿ ಎಂದು, ಅಷ್ಟೇ ಕೇಳಿದ್ದು, ಒಂದು ಕಿಟಕಿ, ಮರುದಿನ ಗೇಟಿನಲ್ಲಿ ನೀಲಿ ತಟ್ಟೆ ಬಂದಿತ್ತು, ಚೂಪಾದದ್ದು ಏನಿದ್ದರೂ ಇದರಲ್ಲಿ ಹಾಕಿ ಒಳಗೆ ಬರಬೇಕು, ಸೊಂಟದಲ್ಲಿ ಚಾಕು ಇಟ್ಟುಕೊಂಡ ಹೆಂಗಸರು ಗುಂಪು ಕಟ್ಟಿದರೆ ಮಾಲೀಕರಿಗೆ ಜೀವಭಯವಂತೆ, ಕಿಟಕಿ ಕೇಳಿದ್ದಕ್ಕೆ ಚಾಕು ಹೋಯಿತು, ಮೂಟೆಯ ಹಗ್ಗ ಹೇಗೆ ಬಿಚ್ಚೋದು ಸಾರ್ ಎಂದು ಗಿಣಿಯೇ ಕೇಳಿದಳು, ಸೂಪರ್‌ವೈಸರು, ಅವನಿಗೆ ನಾವಿಟ್ಟ ಹೆಸರು ಸಬೂಬು, ಸಬೂಬು ಹೇಳಿದ, ಕೈ ಇದೆಯಲ್ಲಮ್ಮ, ಹಲ್ಲಿದೆ, ಗಿಣಿ ನಮ್ಮ ಕಡೆ ತಿರುಗಿ, ಹಲ್ಲನ್ನೂ ತಟ್ಟೆಗೆ ಹಾಕಿ ಅನ್ನಲಿಲ್ವಲ್ಲ, ದೊಡ್ಡ ಮನಸ್ಸು ಅಂದಳು, ನಾವೆಲ್ಲ ನಕ್ಕೆವು, ನಕ್ಕು ಹಲ್ಲಿನಿಂದ ಹಗ್ಗ ಬಿಚ್ಚಿದೆವು. ಏಪ್ರನ್ನೂ ಬದಲಾಯಿತು, ಗುಂಡಿಯದು ಹೋಗಿ ನೈಲಾನ್ ಲಾಡಿಯದು, ಎರಡು ಸುತ್ತು ಬಂದು ಬೆನ್ನ ಹಿಂದೆ ಗಂಟು, ನೋಡಲು ಬಂದವರ ಕಣ್ಣಿಗೆ ನೀಟಾಗಿ ಕಾಣಲಿ ಎಂದು, ಆ ದಿನ ಗಿಣಿ ಮಾತಿನ ನಡುವೆ ಇದ್ದಳು, ನನ್ನ ಮಗಳು ಏನಂದ್ಲು ಗೊತ್ತೇನೇ ಅಂದಳು, ಅಂದು ನಿಲ್ಲಿಸಿದಳು, ಗಿಣಿ ನಿಲ್ಲಿಸುವವಳೇ ಅಲ್ಲ, ನಾನು ತಲೆಯೆತ್ತಿದೆ, ಒದ್ದೆ ಚಾದರದ ಮಡಿಕೆಯಲ್ಲಿ ಅವಳ ಲಾಡಿಯ ತುದಿ ಸೇರಿಕೊಂಡು ಬೆಲ್ಟಿನ ಮೇಲೆ ಹೋಗುತ್ತಿತ್ತು, ಬಿಳಿಯೊಳಗೆ ಬಿಳಿ, ರೋಲರು ಎಳೆಯಿತು, ನಿಧಾನಕ್ಕೇ, ಅದಕ್ಕೆ ಯಾವತ್ತೂ ಅವಸರವಿಲ್ಲ, ಬಲಗೈಯಲ್ಲಿ ನಾನು ಅವಳ ತೋಳು ಹಿಡಿದೆ, ಎಡಗೈ ತಾನಾಗಿ ಸೊಂಟಕ್ಕೆ ಹೋಯಿತು, ಚಾಕು ಇರಬೇಕಾದಲ್ಲಿಗೆ, ಅಲ್ಲಿ ಸೊಂಟ ಮಾತ್ರ ಇತ್ತು — ಬಗ್ಗಿ ಲಾಡಿಯನ್ನು ಹಲ್ಲಿಗೆ ಕೊಟ್ಟೆ, ಕಚ್ಚಿದೆ, ಎಳೆದೆ, ಗಂಜಿ, ಉಪ್ಪು, ನನ್ನದೇ ರಕ್ತ, ಯಂತ್ರ ನಿಲ್ಲಿಸುವ ಕೆಂಪು ಗುಂಡಿ ಟ್ರಾಲಿಗಳ ರಾಶಿಯ ಹಿಂದೆ, ಅದನ್ನು ಮುಟ್ಟಲು ಯಾರೋ ಟ್ರಾಲಿಗಳನ್ನು ಬದಿಗೆ ತಳ್ಳುತ್ತಿರುವ ಸದ್ದು, ಗೇಟಿನ ಕಾವಲುಗಾತಿ, ನಾವು ಗೇಟಿನಕ್ಕ ಅನ್ನುವವಳು, ಕೂಗು ಕೇಳಿ ಓಡಿ ಬಂದಳು, ನಮ್ಮ ಚಾಕುಗಳ ತಟ್ಟೆಯನ್ನು ಹಾಗೇ ಹೊತ್ತುಕೊಂಡು ಬಂದಳು, ಅಷ್ಟೂ ಚಾಕುಗಳು, ಬಂದು ನಿಂತಳು, ಯಾರಿಗೂ ಇನ್ನು ಬೇಕಾಗಿರಲಿಲ್ಲ, ತಟ್ಟೆಯಲ್ಲಿ ಚಾಕುಗಳು ಇನ್ನೂ ಗಲಗಲ ಅನ್ನುತ್ತಿದ್ದವು.

ಇದು ಬೇಡ್ವಾ ಹಾಗಾದ್ರೆ ಇದನ್ನ ನೋಡಿ ಎಂದು ಅಂಗಡಿಯವನು ಇನ್ನೊಂದು ಇಡುತ್ತಾನೆ, ಗುಂಡಿ ಒತ್ತಿದರೆ ಠಕ್ಕನೆ ಹಾರಿ ನಿಲ್ಲುತ್ತದೆ, ಒಂದೇ ಕೈ, ಚೆನ್ನಾಗಿದೆ, ಮೂತಿ ಮಾತ್ರ ಸೂಜಿ, ಉಸಿರು ಕಟ್ಟಿದವಳಂತೆ ಒದ್ದಾಡುವ ಮೈ ಹತ್ತಿರ ಈ ಮೂತಿ ಒಯ್ದರೆ ಲಾಡಿಗೆ ಮೊದಲು ಪಕ್ಕೆ ಸಿಗುತ್ತದೆ, ಬೇಡ, ಆಮೇಲೆ ಗೇಟಿನಲ್ಲಿ ಇದು ಸಿಕ್ಕಿದರೆ ಚಾಕು ಅನ್ನುವುದಿಲ್ಲ, ಆಯುಧ ಅನ್ನುತ್ತಾರೆ, ಪೊಲೀಸು ಅನ್ನುತ್ತಾರೆ, ರೋಲರಿಗೆ ಯಾರೂ ಆಯುಧ ಅನ್ನಲಿಲ್ಲ, ಅದು ಯಂತ್ರ, ಗಿಣಿಯದು ಅಜಾಗರೂಕತೆ, ಹಾಗೇ ಟೈಪು ಮಾಡಿ ಗೋಡೆಗೆ ಅಂಟಿಸಿದರು, ಕಾರ್ಮಿಕಳ ಸ್ವಂತ ಅಜಾಗರೂಕತೆ, ಸ್ವಂತ ಎಂದು ಅವಳಿಗೆ ಕಾರ್ಖಾನೆ ಕೊಟ್ಟದ್ದು ಅದೊಂದೇ. ರೋಲರನ್ನು ತೊಳೆದು ಮತ್ತೆ ಶುರು ಮಾಡಿದರು, ನನ್ನ ಜೋಡಿಗೆ ಯಾರೂ ಬರಲಿಲ್ಲ, ಸಬೂಬು ಹೇಳಿದ, ಸದ್ಯಕ್ಕೆ ಒಬ್ಳೇ ಸುಧಾರಿಸಮ್ಮ, ದಿಂಬಿನ ಚೀಲ ಹಾಕು, ಸಣ್ಣ ಚಾದರ ಹಾಕು, ನಾನು ಒದ್ದೆ ಚಾದರದ ಎರಡು ಮೂಲೆ ಹಿಡಿದು ಎತ್ತಿದೆ, ಆ ಎರಡು ಮೂಲೆಗಳು ನೆಲದಲ್ಲಿ ಇರಬೇಕಿತ್ತು, ಇರಲಿಲ್ಲ, ಎದ್ದವು, ಎದೆಯ ಎತ್ತರಕ್ಕೆ ಎದ್ದು, ಗಿಣಿ ಹಿಡಿಯುತ್ತಿದ್ದ ಹಾಗೆ ಎಡಮೂಲೆ ಒಂದು ಬೆರಳು ಮೇಲೆ, ಫ್ಯಾನಿನ ಗಾಳಿ ಇರಬೇಕು ಅಂದುಕೊಂಡೆ, ನಮಗೆ ಫ್ಯಾನು ಎಲ್ಲಿದೆ, ಕೊಡವಿದೆ, ಆ ಕಡೆಯಿಂದಲೂ ಕೊಡವಿತು, ಬೆಲ್ಟಿನ ಮೇಲೆ ನೆಟ್ಟಗೆ ಮಲಗಿತು, ಒಂದು ಸುಕ್ಕಿಲ್ಲ, ಪಕ್ಕದ ರೋಲರಿನ ಹೆಂಗಸರು ನೋಡಿದರು, ನೋಡಿ ತಲೆ ತಗ್ಗಿಸಿದರು, ಅಂದಿನಿಂದ ಆ ಜಾಗದಲ್ಲಿ ಯಾರೂ ಕಾಲಿಡುವುದಿಲ್ಲ, ಟ್ರಾಲಿ ತಳ್ಳುವವರೂ ಸುತ್ತಿ ಹೋಗುತ್ತಾರೆ, ಅಲ್ಲಿ ಯಾರೋ ಬೆನ್ನು ಮಾಡಿ ನಿಂತಿರುವಾಗ ಸುತ್ತುವ ಹಾಗೆ, ಒಬ್ಬಳು ಮುದುಕಿ ಮೊನ್ನೆ ಅಲ್ಲಿ ಸ್ವಲ್ಪ ಜರುಗು ತಾಯಿ ಅಂದದ್ದನ್ನು ನಾನೇ ಕೇಳಿದೆ, ಭಯ ಆಗಲಿಲ್ಲ, ಅಭ್ಯಾಸ ಆಯಿತು, ಅಭ್ಯಾಸ ಆದದ್ದೇ ಭಯ. ಈಗ ಆ ಜಾಗಕ್ಕೆ ಗಿಣಿಯ ಮಗಳು, ನಮ್ಮ ಗಿಣಿಮರಿ, ಬರುತ್ತಾಳೆ, ಈ ಮಧ್ಯಾಹ್ನದ ಪಾಳಿಗೆ, ಪರಿಹಾರದ ಬದಲು ಅನುಕಂಪದ ನೌಕರಿ ಕೊಟ್ಟಿದ್ದಾರೆ, ತಾಯಿಯನ್ನು ತಿಂದ ಬಾಯಿಗೇ ಮಗಳನ್ನು ಕೂರಿಸುವುದಕ್ಕೆ ಎಷ್ಟು ಒಳ್ಳೆಯ ಹೆಸರು, ಅನುಕಂಪ, ಬೇಡ ಕಣೇ ಎಂದು ನಾನು ಅವರ ಮನೆಗೆ ಹೋಗಿ ಹೇಳಿದೆ, ಗಿಣಿಮರಿ ಸ್ಟೋವಿನ ಮುಂದೆ ಕೂತು ಬಟ್ಟಲು ಉಜ್ಜುತ್ತಿದ್ದಳು, ತಲೆಯೆತ್ತದೆ ಹೇಳಿದಳು.

ಬೇಡ ಅಂದ್ರೆ ಏನು ಮಾಡ್ಲಿ ಚಿಕ್ಕಮ್ಮ, ಅಮ್ಮನ ಏಪ್ರನ್ನೇ ಕೊಟ್ಟಿದ್ದಾರೆ, ನಂಗೆ ಸರಿಯಾಗಿ ಆಗುತ್ತೆ.

ಸರಿಯಾಗಿ ಆಗುತ್ತದಂತೆ, ಮೂಲೆಯ ಮೊಳೆಯಲ್ಲಿ ಅದು ತೂಗುತ್ತಿತ್ತು, ಒಂದು ಲಾಡಿ ಹಳೆಯದು, ಒಂದು ಹೊಸದು, ಹೊಸದು ಯಾಕೆ ಎಂದು ಯಾರೂ ಕೇಳಿಕೊಳ್ಳಲಿಲ್ಲ. ಇನ್ನೊಂದಿದೆ ಮೇಡಂ, ಆದ್ರೆ ಇದನ್ನ ಚಾಕು ಅಂತ ಯಾರೂ ಅನ್ನಲ್ಲ, ಅಂಗಡಿಯವನು ಡ್ರಾಯರಿನ ತಳದಿಂದ ಏನೋ ತೆಗೆದು ಗಾಜಿನ ಮೇಲೆ ಉರುಳಿಸುತ್ತಾನೆ, ಕಪ್ಪು ಪ್ಲಾಸ್ಟಿಕ್ಕಿನ ಉಂಗುರ, ಉಂಗುರಕ್ಕೊಂದು ಗಿಳಿಮೂತಿ, ಮೂತಿಯ ಒಳಬಾಗಿನಲ್ಲಿ ಉಗುರಿನಷ್ಟು ಉಕ್ಕು, ಹೊರಗಡೆ ಮೊಂಡು, ಮೈಗೆ ತಾಗಿದರೆ ಸವರಿಕೊಂಡು ಹೋಗುತ್ತದೆ, ಬಟ್ಟೆ ಸಿಕ್ಕರೆ ಸೀಳುತ್ತದೆ, ಕಾರು ಉರುಳಿದಾಗ ಸೀಟಿನ ಪಟ್ಟಿ ಕೊಯ್ಯೋಕೆ ಮೇಡಂ, ಯಾರೂ ತಗೊಳ್ಳಲ್ಲ, ನೋಡೋಕೆ ಗತ್ತಿಲ್ಲ ನೋಡಿ, ನಾನು ಎಡಗೈ ಬೆರಳಿಗೆ ಹಾಕಿಕೊಳ್ಳುತ್ತೇನೆ, ಸ್ವಲ್ಪ ಬೆಚ್ಚಗಿದೆ, ಡ್ರಾಯರಿನ ತಳದಲ್ಲಿ ಕೂತದ್ದು ಬೆಚ್ಚಗೆ ಯಾಕಿರಬೇಕು, ಈಗಷ್ಟೇ ಯಾರೋ ಬೆರಳಿನಿಂದ ಕಳಚಿ ಕೊಟ್ಟ ಹಾಗೆ, ಬ್ಯಾಗಿನಿಂದ ನನ್ನ ಏಪ್ರನ್ನು ತೆಗೆದು ಅವನ ನೀರಿನ ಬಾಟಲಿಯಲ್ಲಿ ಲಾಡಿ ನೆನೆಸುತ್ತೇನೆ, ಅಯ್ಯೋ ಕುಡಿಯೋ ನೀರು ಮೇಡಂ, ಒಂದು ತುದಿ ಹಿಡಿದುಕೊಳ್ಳಿ ಅನ್ನುತ್ತೇನೆ, ಬಿಗಿಯಾಗಿ, ಬಿಡಬೇಡಿ, ಏನಾದರೂ ಬಿಡಬೇಡಿ, ನನ್ನ ದನಿ ಕೇಳಿ ಅವನ ನಗು ಇಳಿಯಿತು, ಕೊಕ್ಕೆ ಹಾಕಿ ಎಳೆದೆ, ಸರ್ರಂತ, ಒಂದು ಉಸಿರು ಕೂಡ ಹಿಡಿಯಲಿಲ್ಲ, ಇಷ್ಟೇನಾ, ಇಷ್ಟೇ ಬೇಕಾಗಿದ್ದದ್ದು, ಇಷ್ಟಕ್ಕೆ, ಅಂಗಡಿಯವನು ತನ್ನ ಕೈಯಲ್ಲಿ ಉಳಿದ ತುಂಡನ್ನು ನೋಡುತ್ತಾನೆ, ಏನೋ ಅರ್ಥವಾದವನಂತೆ ಮೆಲ್ಲಗೆ ಗಾಜಿನ ಮೇಲೆ ಇಡುತ್ತಾನೆ, ಎಲ್ಲಿಟ್ಕೋತೀರಾ ಮೇಡಂ ಇದನ್ನ. ಎಲ್ಲಿ, ಗೇಟಿನಲ್ಲಿ ಸೊಂಟ ತಡವುತ್ತಾರೆ, ಕುಪ್ಪಸದ ಮೇಲೆ ಕೋಲು ಆಡಿಸುತ್ತಾರೆ, ಲೋಹ ಕಂಡರೆ ಕೂಗುವ ಕೋಲು, ಚಪ್ಪಲಿ ಬಿಚ್ಚಿಸುತ್ತಾರೆ, ತಲೆಯ ಹತ್ತಿರ ಕೋಲು ಕೂಗುತ್ತದೆ, ದಿನವೂ ಕೂಗುತ್ತದೆ, ಪಿನ್ನಾ, ಪಿನ್ನು, ಹೋಗು, ತುರುಬು ಕಟ್ಟಿದವಳ ತಲೆಯಲ್ಲಿ ಪಿನ್ನಿರದೆ ಇನ್ನೇನು ಇರುತ್ತದೆ, ಬುದ್ಧಿಯಂತೂ ಇರುವುದಿಲ್ಲ ಎಂದು ಅವರಿಗೆ ಖಾತ್ರಿ, ಅಂಗಡಿಯ ಕನ್ನಡಿಯ ಮುಂದೆ ಕೂದಲನ್ನು ಸುತ್ತಿ ಎತ್ತಿ ಕಟ್ಟಿ ಉಂಗುರವನ್ನು ತುರುಬಿನ ತಳಕ್ಕೆ ತುರುಕುತ್ತೇನೆ, ಬಲಗೈ ಮುಂದೆ ಚಾಚಿ ಗಾಳಿಯಲ್ಲಿ ಒಂದು ತೋಳು ಹಿಡಿಯುತ್ತೇನೆ, ಎಡಗೈ ತಲೆಯ ಹಿಂದೆ ಹೋಗುತ್ತದೆ, ಬೆರಳು ಉಂಗುರದೊಳಗೆ, ಎಳೆ, ಕೆಳಗೆ ತಾ, ಕೊಯ್ಯಿ, ಮತ್ತೆ, ಹಿಡಿ, ಎಳೆ, ಕೊಯ್ಯಿ, ಮತ್ತೆ, ಒಂದು ಸಲ ಬಲಗೈಯ ಖಾಲಿ ಹಿಡಿತದೊಳಗೆ ಏನೋ ತೂಕ ಬಂದ ಹಾಗಾಯಿತು, ಬಿಟ್ಟುಬಿಟ್ಟೆ.

ಬಿಸಿಲು, ಗೋಡೆಯುದ್ದಕ್ಕೂ ಬಿಳಿ ಬಿಸಿಲು, ಕಾರ್ಖಾನೆಯ ಗೋಡೆಗೆ ಈಗಲೂ ಕಿಟಕಿಯಿಲ್ಲ, ಗೇಟಿನ ಸಾಲಿನಲ್ಲಿ ನಾನು ಹಿಂದೆ, ಗಿಣಿಮರಿ ಮುಂದೆಲ್ಲೋ, ತಾಯಿಯ ಏಪ್ರನ್ನು ಹಾಕಿಕೊಂಡೇ ಬಂದಿದ್ದಾಳೆ, ಬೆನ್ನ ಮೇಲೆ ಗಂಟು, ಲಾಡಿಯ ಎರಡು ತುದಿ ಅವಳು ನಡೆದಾಗ ನಡೆಯುತ್ತವೆ, ಅವಳು ನಿಂತ ಮೇಲೂ ಒಂದು ಕ್ಷಣ ನಡೆಯುತ್ತವೆ, ಗೇಟಿನಕ್ಕ ಆ ದಿನದಿಂದ ಯಾರ ಮುಖವನ್ನೂ ನೋಡುವುದಿಲ್ಲ, ಮೊದಲನೆಯವಳ ತಲೆಯ ಹತ್ತಿರ ಕೋಲು ಕೂಗಿತು, ಪಿನ್ನಾ, ಪಿನ್ನು, ಎರಡನೆಯವಳು, ಕೂಗಿತು, ಪಿನ್ನು, ಮುದುಕಿ, ಕೂಗಿತು, ಆ ಮುದುಕಿಯ ತಲೆಯಲ್ಲಿ ಇರುವುದೇ ನಾಲ್ಕು ಕೂದಲು, ಅದನ್ನೂ ಎಳೆದು ಎತ್ತಿ ಕಟ್ಟಿದ್ದಾಳೆ, ಆಗ ನೋಡಿದೆ, ಸಾಲಿನುದ್ದಕ್ಕೂ ತುರುಬು, ಜಡೆ ಹಾಕುವವರಿಗೆ ತುರುಬು, ಮೋಟು ಕೂದಲಿನವಳಿಗೂ ಕಡಲೆಯಷ್ಟು ತುರುಬು, ನಾನು ಯಾರಿಗೂ ಹೇಳಿಲ್ಲ, ಯಾರೂ ನನಗೆ ಹೇಳಿಲ್ಲ, ಯಾರೂ ಹಿಂದೆ ತಿರುಗಿ ನೋಡುತ್ತಲೂ ಇಲ್ಲ, ಯಾವ ಯಾವ ಅಂಗಡಿಯಲ್ಲಿ ಯಾವ ಯಾವ ಡ್ರಾಯರು ಬೆಚ್ಚಗಿತ್ತೋ, ಮುಂದೆ ಗಿಣಿಮರಿ, ಅವಳದೂ ತುರುಬು, ಕೂಗಿತು, ಗೇಟಿನಕ್ಕ ಕೇಳುವುದನ್ನೇ ನಿಲ್ಲಿಸಿದ್ದಾಳೆ, ಪಕ್ಕದ ಮೇಜಿನ ಮೇಲೆ ನೀಲಿ ತಟ್ಟೆ, ಇವತ್ತು ಅದರಲ್ಲಿ ಒಂದೂ ಚಾಕುವಿಲ್ಲ, ಖಾಲಿ, ಆದರೂ ಗಲಗಲ ಅನ್ನುತ್ತಿದೆ. ನನ್ನ ಸರದಿ ಬಂದಾಗ ಅವಳು ಕೋಲನ್ನು ಮೇಲಕ್ಕೆ ಎತ್ತಲೇ ಇಲ್ಲ, ಸಬೂಬು ಕುರ್ಚಿಯಲ್ಲಿ ಕೂತಿದ್ದಾನೆ, ಅವನಿಗೆ ಕೇಳದಂತೆ ಹೇಳಿದಳು.

ಇವತ್ತು ನಾನು ಓಡಿ ಬರೋ ಹಾಗೆ ಮಾಡಬೇಡಿ.

ಒಳಗೆ ಉಗಿ, ಒಳಗೆ ಆ ವಾಸನೆ, ರೋಲರು ತಿರುಗುತ್ತಿದೆ, ಅವಸರವಿಲ್ಲ, ಟ್ರಾಲಿಗಳು ಕೆಂಪು ಗುಂಡಿಯ ಮುಂದೆ ಎಂದಿನಂತೆ, ಇಬ್ಬರು ಹೆಂಗಸರು ಮಾತಿಲ್ಲದೆ ಅವನ್ನು ಬದಿಗೆ ತಳ್ಳುತ್ತಿದ್ದಾರೆ, ಸಬೂಬು ಏನೋ ಕೂಗುತ್ತಾನೆ, ಉಗಿಯಲ್ಲಿ ಅದು ಕರಗುತ್ತದೆ, ಗಿಣಿಮರಿ ಯಾರೂ ಕಾಲಿಡದ ಜಾಗದಲ್ಲಿ ಕಾಲಿಟ್ಟು ನಿಂತಳು, ಏನೂ ಆಗಲಿಲ್ಲ, ಏನಾಗಬೇಕಿತ್ತು, ಹೇಗೆ ಹಿಡ್ಕೊಳ್ಳಲಿ ಚಿಕ್ಕಮ್ಮ, ಎರಡು ಮೂಲೆ ನಿಂದು ಎರಡು ಮೂಲೆ ನಂದು ಅನ್ನುತ್ತೇನೆ, ಒದ್ದೆ ಚಾದರ ಭಾರ, ನಡು ಜೋಲುತ್ತದೆ, ಯಾರೇ ಇಬ್ಬರು ಹಿಡಿದರೂ ನಡು ಜೋಲಿಯೇ ಜೋಲುತ್ತದೆ, ಆಗ ಹಿಂದಕ್ಕೆ ವಾಲಿ ಎಳೆಯಬೇಕು, ಹೊಟ್ಟೆಯನ್ನು ಬೆಲ್ಟಿನಿಂದ ದೂರ ಇಡು, ಲಾಡಿಯ ಮೇಲೆ ಗ್ಯಾನ ಇರಲಿ, ಎತ್ತು ಈಗ, ಎತ್ತಿದೆವು, ಎಡಮೂಲೆ ಒಂದು ಬೆರಳು ಮೇಲೆ, ತಾಯಿಯ ಹಾಗೇ, ಯಾರು ಹೇಳಿಕೊಟ್ಟರು ಇವಳಿಗೆ, ಜೋಲುತ್ತೆ ಅಂದ್ರಲ್ಲ ಚಿಕ್ಕಮ್ಮ, ಎಲ್ಲಿ ಜೋಲ್ತಿದೆ ಎಂದು ಅವಳು ಕೇಳುತ್ತಾಳೆ, ನಾನು ನೋಡುತ್ತೇನೆ, ನೀರು ಸುರಿಯುವ ಚಾದರ ನಮ್ಮಿಬ್ಬರ ನಡುವೆ ಮೇಜಿನಂತೆ ಮಟ್ಟವಾಗಿ ನಿಂತಿದೆ, ನಡುವಿನಲ್ಲಿ, ಅಡಿಯಿಂದ, ಎರಡು ಅಂಗೈ ಒತ್ತಿ ಹಿಡಿದಷ್ಟು ಜಾಗ ಕೊಂಚ ಉಬ್ಬಿದೆ, ಮೆಲ್ಲಗೆ ಸರಿಯುತ್ತಿದೆ, ರೋಲರಿನ ಕಡೆಗೋ ರೋಲರಿನಿಂದ ಈಚೆಗೋ, ಕಾಯುತ್ತಿದ್ದಾಳೋ ಕರೆಯುತ್ತಿದ್ದಾಳೋ, ಗಿಣಿ, ಏನೇ ಇದು, ನಿನ್ನ ಮಗಳು ಕಣೇ, ನಾನು ಚಾದರ ಬಿಟ್ಟು ಬಲಗೈಯಲ್ಲಿ ಹುಡುಗಿಯ ತೋಳು ಹಿಡಿಯುತ್ತೇನೆ, ಎಡಗೈ ತಲೆಯ ಹಿಂದೆ, ಬೆರಳು ಉಂಗುರದಲ್ಲಿ, ಸುತ್ತಲೂ ರೋಲರು ರೋಲರಿನ ಮುಂದೆ ಹೆಂಗಸರ ಎಡಗೈಗಳು ಒಂದೊಂದಾಗಿ ತಲೆಯ ಹಿಂದೆ ಹೋಗುತ್ತಿವೆ, ನನ್ನ ಎರಡು ಮೂಲೆ ಬಿಟ್ಟಿದ್ದೇನೆ, ಬಿಟ್ಟಾಗಿದೆ, ಅವು ಬಿದ್ದಿಲ್ಲ, ಚಾದರ ಹಾಗೇ ಇದೆ, ಮಟ್ಟವಾಗಿ, ನಡು ಜೋಲುತ್ತಿಲ್ಲ, ನಡು ಜೋಲುತ್ತಿಲ್ಲ, ನಡು